ಆಷಾಢದಲ್ಲಿ ಕುದುರಿದ ಮನೆ

2018ರ ಜುಲೈ. ಆಷಾಢ ಶುರುವಾಗಿತ್ತು. ಮೈಸೂರಿನಲ್ಲಿ ಶುಕ್ರವಾರ ಬಂತೆಂದರೆ ಊರಿಗೆ ಊರೇ ಚಾಮುಂಡಿ ಬೆಟ್ಟದ ಕಡೆ ಹೊರಡುವ ತಿಂಗಳು. ಮನೆ ಬ್ರೋಕರ್‌ಗಳು ಮಾತ್ರ ಕೈಕಟ್ಟಿ ಕೂತಿರುತ್ತಾರೆ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ರಿಜಿಸ್ಟರ್ ಮಾಡಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ನಾವು ಮನೆ ನೋಡಲು ಹೊರಟಿದ್ದು ಆಗಲೇ. ಜಾಣತನದಿಂದ ಏನಲ್ಲ. ನಮ್ಮಿಬ್ಬರಿಗೂ ರಜೆ ಸಿಕ್ಕಿದ್ದು ಆಗ, ಅಷ್ಟೇ.

ಬಾಡಿಗೆ ಬರುವಂಥ ಒಂದು ಮನೆ ಕೊಳ್ಳಬೇಕು ಅನ್ನುವ ಹುಚ್ಚು ನನ್ನದು. ನಾನು ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಯಜಮಾನರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಬ್ಬರದ್ದೂ ಪಿಂಚಣಿ ಇಲ್ಲದ ಕೆಲಸ. ಇರೋದಕ್ಕೆ ಮಾವನವರು ಕಟ್ಟಿಸಿದ ಹಳೇ ಮನೆ ಇದೆ. ಅದರ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಹಿತ್ತಲಲ್ಲಿ ಎರಡು ಸಣ್ಣ ಪೋರ್ಷನ್ ಹಾಕಿಸಿ ಬಾಡಿಗೆಗೆ ಬಿಟ್ಟಿದ್ದರು. ಹಾಲು, ಔಷಧಿ, ಮೊಮ್ಮಕ್ಕಳ ಕೈಗಿಡುವ ನೂರು ರೂಪಾಯಿ, ಎಲ್ಲ ಅದರಲ್ಲೇ. ಮಗನ ಹತ್ತಿರ ಒಂದು ದಿನ ಕೈ ಚಾಚಿದ್ದನ್ನು ನಾನು ನೋಡಲಿಲ್ಲ. ನನಗೆ ಷೇರು, ಮ್ಯೂಚುವಲ್ ಫಂಡ್ ಎಲ್ಲ ಗೊತ್ತಿಲ್ಲ ಅಂತಲ್ಲ. ಆದರೆ ಕಣ್ಣಿಗೆ ಕಂಡ ಉದಾಹರಣೆ ಅದೊಂದೇ.

ಈ ಮನೆಗೆ ಮುಂಚೆ ಎರಡು ಕಡೆ ಎಡವುತ್ತಿದ್ದೆವು. ಅದನ್ನು ಮೊದಲು ಹೇಳಬೇಕು.

2017ರಲ್ಲಿ ಒಬ್ಬ ಬ್ರೋಕರ್ ರಿಂಗ್ ರಸ್ತೆಯಾಚೆ ಒಂದು ಲೇಔಟ್ ತೋರಿಸಿದ. ಕೆಂಪು ಮಣ್ಣಿನ ರಸ್ತೆ, ಸುಣ್ಣ ಬಳಿದ ಕಲ್ಲುಗಳು, ಬಾಗಿಲಲ್ಲಿ ದೊಡ್ಡ ಕಮಾನು. 30-40 ಅಡಿಯ ಸೈಟು, ಊರೊಳಗಿನ ಬೆಲೆಯಲ್ಲಿ ಮೂರನೇ ಒಂದು ಭಾಗ. ನಾನು ಆಗಲೇ ಮನಸ್ಸಿನಲ್ಲಿ ಮನೆ ಕಟ್ಟಿಸಿ ಬಾಡಿಗೆ ಬೋರ್ಡು ಹಾಕಿದ್ದೆ. ಅಣ್ಣ ಒಂದೇ ಮಾತು ಕೇಳಿದ: "ಪಹಣಿ ನೋಡಿದ್ಯಾ?" ನೋಡಿದರೆ ಜಮೀನು ಇನ್ನೂ ವ್ಯವಸಾಯದ್ದೇ. ವಸತಿಗೆ ಭೂಪರಿವರ್ತನೆ, ಅಂದರೆ ಕನ್ವರ್ಷನ್, ಆಗಿಲ್ಲ. ಮಾಲೀಕರ ಕಾಲಂನಲ್ಲಿ ಆರು ಜನರ ಹೆಸರು ಜಂಟಿ. ಇಂಥದ್ದನ್ನೇ ರೆವಿನ್ಯೂ ಸೈಟು ಅನ್ನುವುದು. "ಮುಂದೆ ಕನ್ವರ್ಷನ್ ಆಗತ್ತೆ ಮೇಡಂ, ಎಲ್ಲರೂ ತಗೋತಿದಾರೆ" ಅಂದ ಬ್ರೋಕರ್. ಆಗತ್ತೆ ಅನ್ನುವುದಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಆಗಿದೆ ಅನ್ನುವುದಕ್ಕೆ ಮಾತ್ರ ಕೊಡುತ್ತದೆ. ಅಲ್ಲಿಗೆ ಅದು ಬಿಟ್ಟಿತು.

ಎರಡನೆಯದು ಊರೊಳಗಿನ ಮನೆ. ಅಪ್ಪ ತೀರಿಕೊಂಡಿದ್ದರು, ಮೂವರು ಗಂಡುಮಕ್ಕಳು ಸೇರಿ ಮಾರುತ್ತಿದ್ದರು. ಖಾತೆ, ಕಂದಾಯ ಎಲ್ಲ ಸರಿ. ಟೋಕನ್ ಅಡ್ವಾನ್ಸ್ ಕೊಡಲು ಚೆಕ್ ಬರೆಯುವ ದಿನ ವಕೀಲರು ವಂಶವೃಕ್ಷ ಕೇಳಿದರು. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. "ಅವರಿಗೆ ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ" ಅಂದರು ಅಣ್ಣಂದಿರು. ಹಾಗೆಂದು ಒಂದು ಸಾಲು ಬರೆದು ಸಹಿ ಹಾಕಿಸಿ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಡಿ ಅಂದೆವು. ಒಬ್ಬರು ಸಹಿ ಹಾಕಿದರು. ಇನ್ನೊಬ್ಬರು ಹಾಕಲಿಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಅನ್ನುವುದು ದೇಶಕ್ಕೆಲ್ಲ 2005ರ ತಿದ್ದುಪಡಿಯಲ್ಲಿ ಬಂತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಲ್ಲೇ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿದ್ದರು. ಆ ತಂಗಿಯ ಬಗ್ಗೆ ನನಗೆ ಕೋಪ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ನಮ್ಮಪ್ಪನ ಮನೆ ಮಾರಿದಾಗ ನಾನು ಹಾಗೆ ನಿಂತಿರಲಿಲ್ಲ.

ಇನ್ನು ನಮ್ಮ ಮನೆಯ ವಿಷಯ.

ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಲೇಔಟಿನಲ್ಲಿ 20-30 ಸೈಟು. ಅಂದರೆ 600 ಚದರಡಿ. ಕೆಳಗೆ ಹಾಲ್, ಎರಡು ಸಣ್ಣ ರೂಮು, ಅಡುಗೆಮನೆ. ಹೊರಗಿನಿಂದ ಮೆಟ್ಟಿಲು ಹತ್ತಿದರೆ ಮೇಲೊಂದು ರೂಮು, ಅಡುಗೆಮನೆ, ಬಾತ್‌ರೂಮು. ಮನೆ ಕಟ್ಟಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬಾಗಿಲು ದಕ್ಷಿಣಕ್ಕೆ. ಒಂದೂವರೆ ವರ್ಷದಿಂದ ಮಾರಾಟಕ್ಕಿತ್ತು. ಬಂದವರೆಲ್ಲ ಗೇಟಿನ ಹತ್ತಿರ ನಿಂತು ಮೊಬೈಲಿನಲ್ಲಿ ದಿಕ್ಸೂಚಿ ನೋಡಿ ವಾಪಸ್ ಹೋಗುತ್ತಿದ್ದರಂತೆ.

ಅತ್ತೆಯೂ ಹಾಗೇ ಅಂದರು. "ದಕ್ಷಿಣದ ಬಾಗಿಲಾ? ಬೇಡಮ್ಮ." ನಾವು ಅಲ್ಲಿ ವಾಸ ಮಾಡುವುದಿಲ್ಲ ಅತ್ತೆ, ಬಾಡಿಗೆಗೆ ಬಿಡುವುದು ಅಂತ ಹೇಳಿ ಒಪ್ಪಿಸಿದೆ. ಬಾಡಿಗೆಗೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ದಿಕ್ಕು ಕೇಳುವುದಿಲ್ಲ, ನೀರು ಕೇಳುತ್ತಾರೆ. ದಕ್ಷಿಣದ ಬಾಗಿಲಿಗೆ ಬೆಲೆ ಇಳಿಯುತ್ತದೆ, ಬಾಡಿಗೆ ಇಳಿಯುವುದಿಲ್ಲ. ಹಾಗಂತ ಇದರಲ್ಲಿ ಲಾಭವೇ ಅಂದುಕೊಳ್ಳಬೇಡಿ. ನಾಳೆ ನಾವು ಮಾರಲು ಹೋದಾಗ ಅದೇ ಜನ ಅದೇ ಗೇಟಿನ ಹತ್ತಿರ ಅದೇ ಮೊಬೈಲ್ ಹಿಡಿದು ನಿಲ್ಲುತ್ತಾರೆ.

ಆ ಮನೆಗೆ ನಾಲ್ಕು ಸಲ ಹೋದೆ. ಒಂದು ಸಲ ಬ್ರೋಕರ್ ಜೊತೆ, ಮೂರು ಸಲ ಹೇಳದೆ. ಬೆಳಿಗ್ಗೆ ಐದೂವರೆಗೆ ಹೋಗಿ ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತದೆ ನೋಡಿದೆ. ಒಂದು ಸಂಜೆ ಜೋರು ಮಳೆ ಬಂದಾಗ ಸ್ಕೂಟರ್ ಹತ್ತಿಕೊಂಡು ಓಡಿದೆ. ರಸ್ತೆಯಲ್ಲಿ ನೀರು ನಿಲ್ಲಲಿಲ್ಲ, ಆದರೆ ಮೇಲಿನ ಮನೆಯ ಗೋಡೆಯಲ್ಲಿ ಆಳೆತ್ತರಕ್ಕೆ ಒದ್ದೆ ಕಲೆ. ಬಿಸಿಲಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಬೀದಿ ತುದಿಯ ಇಸ್ತ್ರಿ ಅಂಗಡಿಯವರ ಹತ್ತಿರ ಸುಮ್ನೆ ಎರಡು ಸೀರೆ ಕೊಟ್ಟು ಮಾತಿಗೆಳೆದೆ. ಯಾವ ಮನೆಗೆ ಎಷ್ಟು ಬಾಡಿಗೆ, ಯಾರು ಯಾವಾಗ ಖಾಲಿ ಮಾಡುತ್ತಾರೆ, ಯಾವ ಓನರ್ ಅಡ್ವಾನ್ಸ್ ವಾಪಸ್ ಕೊಡಲು ಸತಾಯಿಸುತ್ತಾರೆ, ಎಲ್ಲ ಅವರ ಬಾಯಲ್ಲಿ. ಬ್ರೋಕರ್ ಕೆಳಗಿನ ಮನೆಗೆ 13,000 ಬಾಡಿಗೆ ಬರುತ್ತದೆ ಅಂದಿದ್ದ. ಇಸ್ತ್ರಿಯವರು "ಒಂಬತ್ತೂವರೆ ಬಂದ್ರೆ ಪುಣ್ಯ ಅಕ್ಕ" ಅಂದರು. ಕೊನೆಗೆ ಬಂದಿದ್ದು 9,500.

ಮಾರುವವರು ಕೇಳಿದ್ದು 46 ಲಕ್ಷ. ಆಷಾಢದಲ್ಲಿ ಬೇರೆ ಯಾರೂ ಬರುತ್ತಿರಲಿಲ್ಲವಲ್ಲ, ನಿಧಾನವಾಗಿ ಕೂತು ಮಾತಾಡಿದೆವು. ಸೋರುವ ಗೋಡೆ ಒಂದು, ದಕ್ಷಿಣ ಒಂದು, ಹಳೇ ವೈರಿಂಗ್ ಒಂದು. ಮೂರು ಭಾನುವಾರ, ಮೂರು ಸಲ ಕಾಫಿ. 42ಕ್ಕೆ ನಿಂತಿತು. ಮಾತು ಆಷಾಢದಲ್ಲಿ, ಅಗ್ರಿಮೆಂಟ್ ಶ್ರಾವಣದಲ್ಲಿ.

ನಡುವೆ ಒಂದು ಮಾತು ಬಂತು. "ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡಿಸ್ಕೊಳ್ಳಿ, ಮಿಕ್ಕಿದ್ದು ಕ್ಯಾಶ್ ಕೊಡಿ, ನಿಮಗೂ ಉಳಿಯತ್ತೆ." ಗೈಡೆನ್ಸ್ ವ್ಯಾಲ್ಯೂ ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ. ಎಲ್ಲರೂ ಮಾಡುತ್ತಾರೆ, ಗೊತ್ತು. ಆದರೆ ಸಾಲ ತೆಗೆದುಕೊಳ್ಳುವವರಿಗೆ ಇದು ಆಗುವ ಮಾತಲ್ಲ. ಕ್ರಯಪತ್ರದಲ್ಲಿ ಇರುವ ಮೊತ್ತ ನೋಡಿಯೇ ಬ್ಯಾಂಕ್ ಸಾಲ ಕೊಡುವುದು. ಮೇಲಾಗಿ ಮನೆ, ಸೈಟಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಜಾಸ್ತಿ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ ಅಂತ 2015ರಿಂದ ಆದಾಯ ತೆರಿಗೆ ಕಾನೂನೇ ಇದೆ. ಸಿಕ್ಕಿಬಿದ್ದರೆ ಅಷ್ಟೇ ಮೊತ್ತದ ದಂಡ. ಇಷ್ಟು ಹೇಳಿದ ಮೇಲೆ ಅವರೂ ಸುಮ್ಮನಾದರು.

ಈಗ ಕಾಗದದ ಕಥೆ. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಕಲಿತಿದ್ದು ಇಲ್ಲೇ.

ನಮ್ಮ ವಕೀಲರಿಗೆ ಎಪ್ಪತ್ತು ದಾಟಿತ್ತು. ಕಾಗದವನ್ನು ಕಣ್ಣಿಗೆ ಒತ್ತಿಕೊಂಡ ಹಾಗೆ ಹಿಡಿದು ಓದುತ್ತಿದ್ದರು. ಮುಡಾದ ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಅಗ್ರಿಮೆಂಟ್, ಸ್ವಾಧೀನ ಪತ್ರ, ಆಮೇಲೆ ಮುಡಾ ಬರೆದುಕೊಟ್ಟ ಶುದ್ಧ ಕ್ರಯಪತ್ರ, ಅದರ ನಂತರದ ಕ್ರಯಪತ್ರ. ಹೀಗೆ ಒಂದಕ್ಕೊಂದು ಕೊಂಡಿ ಹಾಕುತ್ತಾ ಟೇಬಲ್ ಮೇಲೆ ಸಾಲಾಗಿ ಜೋಡಿಸಿದರು. ಯಾವ ಕೊಂಡಿಯೂ ತಪ್ಪಿರಲಿಲ್ಲ. ಇಸಿ ಕೊಟ್ಟೆ. ಇಸಿ ಅಂದರೆ ಆ ಆಸ್ತಿ ಮೇಲೆ ಯಾವ್ಯಾವ ನೋಂದಣಿ ಆಗಿದೆ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನವರು ಕೊಡುವ ಪಟ್ಟಿ. ನಮ್ಮ ಇಸಿಯಲ್ಲಿ ಒಂದೇ ಒಂದು ಮಾರಾಟ, ಬೇರೇನೂ ಇಲ್ಲ. ನನಗೆ ಖುಷಿ.

"ಇದು ಯಾವತ್ತಿಂದ ಇದೆ ನೋಡಮ್ಮ" ಅಂದರು ವಕೀಲರು.

1 ಏಪ್ರಿಲ್ 2004.

"ಕಂಪ್ಯೂಟರ್ ಬಂದಿದ್ದು ಆವಾಗ. ಅದಕ್ಕೆ ಮುಂಚೆ ಈ ಮನೆ ಇರಲಿಲ್ವಾ?"

ಹಳೇ ಇಸಿ ಕೈಬರಹದ್ದು. ಆನ್‌ಲೈನಿನಲ್ಲಿ ಸಿಗುವುದಿಲ್ಲ. ಅರ್ಜಿ ಕೊಟ್ಟು, ಅವರು ಹಳೇ ರಿಜಿಸ್ಟರ್ ಹುಡುಕಿ, ಬರೆದು ಕೊಡಬೇಕು. ಹತ್ತು ದಿನವಾಯಿತು. ಬಂದ ಕಾಗದದಲ್ಲಿ ನೀಲಿ ಶಾಯಿಯಲ್ಲಿ ಎರಡು ಸಾಲು. ಎರಡನೆಯ ಸಾಲು: 1997, ಒಂದು ಸಹಕಾರ ಸಂಘಕ್ಕೆ ಅಡಮಾನ. ಅದು ತೀರಿದ ಬಗ್ಗೆ ಯಾವ ನಮೂದೂ ಇಲ್ಲ.

ಮಾರುವವರು ಗಾಬರಿಯಾದರು. ಅವರು ಕೊಂಡಾಗಲೂ ಯಾರೂ ಇದನ್ನು ನೋಡಿರಲಿಲ್ಲ. ಅವರಿಗೆ ಮಾರಿದ್ದ ಹಿಂದಿನ ಮಾಲೀಕರನ್ನು ಹುಡುಕಿದೆವು. ಪುಣ್ಯಕ್ಕೆ ಇದೇ ಊರಿನಲ್ಲಿದ್ದರು. ಸಾಲ 2001ರಲ್ಲೇ ತೀರಿಸಿದ್ದರಂತೆ. ಟ್ರಂಕಿನಿಂದ ರಸೀದಿ ತೆಗೆದು ತೋರಿಸಿದರು. ಅದರ ಅಂಚನ್ನು ಇಲಿ ತಿಂದಿತ್ತು, ನಂಬರ್ ಮಾತ್ರ ಉಳಿದಿತ್ತು. ಆ ನಂಬರ್ ಹಿಡಿದು ಸಂಘದವರು ತಮ್ಮ ಪುಸ್ತಕ ನೋಡಿ, ಸಾಲ ತೀರಿದೆ ಅಂತ ಡಿಸ್ಚಾರ್ಜ್ ಪತ್ರ ಬರೆದು ರಿಜಿಸ್ಟರ್ ಮಾಡಿಕೊಡುವ ಹೊತ್ತಿಗೆ ಎರಡು ತಿಂಗಳು. ನಡುವೆ ಪಿತೃಪಕ್ಷ, ದಸರಾ. ದಸರಾದಲ್ಲಿ ಮೈಸೂರಿನಲ್ಲಿ ಯಾವ ಫೈಲೂ ಅಲುಗುವುದಿಲ್ಲ, ಆನೆಗಳು ಮಾತ್ರ ಓಡಾಡುತ್ತವೆ.

ಸಾಲ ತೀರಿತ್ತು, ಯಾರೂ ಮೋಸ ಮಾಡಿರಲಿಲ್ಲ. ಆದರೂ ಆ ಎರಡು ಸಾಲು ಸಿಗದಿದ್ದರೆ ನಾವು ಮಾರುವ ದಿನ ಅದನ್ನು ಯಾರೋ ಹೊರತೆಗೆಯುತ್ತಿದ್ದರು. ಆ ಹೊತ್ತಿಗೆ ಟ್ರಂಕು ಇರುತ್ತಿತ್ತೋ ಇಲ್ಲವೋ. ವಕೀಲರಿಗೆ ಕೊಟ್ಟಿದ್ದು 10,000 ರೂಪಾಯಿ. ಬ್ರೋಕರ್‌ಗೆ ಕೊಟ್ಟಿದ್ದು ಒಂದು ಪರ್ಸೆಂಟ್, 42,000. ಯಾರಿಗೆ ಜಾಸ್ತಿ ಕೊಡಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ನವೆಂಬರ್‌ನಲ್ಲಿ ರಿಜಿಸ್ಟರ್ ಆಯಿತು. ದುಡ್ಡಿನ ಲೆಕ್ಕ ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಮನೆಗೆ 42 ಲಕ್ಷ. ಸ್ಟಾಂಪು, ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ಆಗ 6.6 ಪರ್ಸೆಂಟ್, ಅಂದರೆ 2.77 ಲಕ್ಷ. (2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟಿಗೆ ಏರಿದೆ. ಈಗ ಕೊಳ್ಳುವವರು 7.6 ಅಂತ ಲೆಕ್ಕ ಹಾಕಿ.) ಬ್ರೋಕರ್, ವಕೀಲರು, ಬ್ಯಾಂಕಿನ ಖರ್ಚು ಸೇರಿ ಸುಮಾರು 70,000. ಬ್ಯಾಂಕ್ ಸಾಲ 30 ಲಕ್ಷ, 20 ವರ್ಷಕ್ಕೆ, ಬಡ್ಡಿ 8.75. ತಿಂಗಳ ಕಂತು 26,500. ನಿಯಮದ ಪ್ರಕಾರ ಆ ಬೆಲೆಗೆ ಇನ್ನೂ ಮೂರೂವರೆ ಲಕ್ಷ ಕೊಡುತ್ತಿದ್ದರು, ನಾವೇ ಬೇಡ ಅಂದೆವು. ಸ್ಟಾಂಪಿನ ಖರ್ಚಿಗೆ ಬ್ಯಾಂಕ್ ಕೊಡುವುದಿಲ್ಲ, ಅದು ಕೈಯಿಂದಲೇ ಹೋಗಬೇಕು. ತುಂಬಾ ಜನ ಇಲ್ಲೇ ಎಡವುವುದು.

ನಮ್ಮ ಕೈಯಲ್ಲಿ ಇದ್ದದ್ದು 17 ಲಕ್ಷ. ಎಫ್‌ಡಿ 8, ನಾನು ಎತ್ತಿದ ಚೀಟಿ 5, ಯಜಮಾನರ ಪಿಎಫ್‌ನಿಂದ 4. ರಿಪೇರಿಗೆ ಒಂದೂವರೆ ಲಕ್ಷ ಎತ್ತಿಟ್ಟಿದ್ದೆ. ಆಗಿದ್ದು 3.8 ಲಕ್ಷ.

ಹೇಗೆ ಅಂದರೆ, ಗೋಡೆಯ ಒದ್ದೆ ತಾರಸಿಯಿಂದ ಅಂದುಕೊಂಡಿದ್ದೆವು. ಮೇಸ್ತ್ರಿ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿದ. ಮತ್ತೆ ಒದ್ದೆ. ಆಮೇಲೆ ಬಾತ್‌ರೂಮಿನ ಟೈಲ್ಸ್ ಒಡೆದು ನೋಡಿದರೆ, ಒಳಗಿನ ಹಳೇ ಜಿಐ ಪೈಪು ತುಕ್ಕು ಹಿಡಿದು ಬೆರಳಿಟ್ಟರೆ ಉದುರುತ್ತಿತ್ತು. "ಒಂದು ಕಡೆ ಮುಟ್ಟಿದ್ರೆ ಎಲ್ಲಾನೂ ಮುಟ್ಬೇಕಾಗತ್ತೆ ಅಕ್ಕಾ" ಅಂದ ಪ್ಲಂಬರ್. ಮೇಲೆ ಕೆಳಗೆ ಎರಡೂ ಕಡೆ ಪೈಪು ಬದಲಾಯಿಸಿ, ಟೈಲ್ಸ್ ಹಾಕಿ, ವೈರಿಂಗ್ ತೆಗೆದು ಹೊಸದು ಎಳೆಸಿದೆವು. ಕೊನೆಗೆ ನನ್ನ ಬಳೆ, ಸರ ಅಡವಿಟ್ಟಾಯಿತು. ಮೊದಲು ಪೈಪು ನೋಡಿ ಆಮೇಲೆ ತಾರಸಿ ನೋಡಬೇಕಿತ್ತು. ಮೊದಲ ವಾಟರ್‌ಪ್ರೂಫಿಂಗ್‌ಗೆ ಹೋದ 40,000 ಬುದ್ಧಿ ಕಲಿತ ಫೀಸು ಅಂದುಕೊಂಡೆ.

ಎಲ್ಲ ಕೂಡಿದರೆ ಮನೆ ನಮಗೆ ಬಿದ್ದಿದ್ದು 49 ಲಕ್ಷಕ್ಕೆ. ಫೆಬ್ರವರಿ 2019ರಲ್ಲಿ ಎರಡೂ ಮನೆ ತುಂಬಿದವು. ಕೆಳಗೆ 9,500, ಮೇಲೆ 6,000. ವರ್ಷಕ್ಕೆ 1,86,000. ಅಂದರೆ ಹಾಕಿದ ದುಡ್ಡಿಗೆ ನೂರಕ್ಕೆ 3.8. ಆಗ ಬ್ಯಾಂಕಿನಲ್ಲಿ ಸುಮ್ಮನೆ ಎಫ್‌ಡಿ ಇಟ್ಟಿದ್ದರೂ ಹತ್ತಿರತ್ತಿರ 7 ಬರುತ್ತಿತ್ತು. ಬಾಡಿಗೆಯಿಂದ ಕಂತು ತೀರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಸಂಬಳದಿಂದ ಪ್ರತಿ ತಿಂಗಳು 11,000 ಸೇರಿಸುತ್ತಿದ್ದೆವು. ಮೂರು ವರ್ಷ ಯಾವ ಪ್ರವಾಸವೂ ಇಲ್ಲ. ಹಾಗಾದರೆ ಯಾಕೆ ಕೊಂಡಿರಿ ಅಂತ ಕೇಳಬಹುದು. ಕಂತು ಇಪ್ಪತ್ತು ವರ್ಷ ಅಷ್ಟೇ ಇರುತ್ತದೆ, ಬಾಡಿಗೆ ಏರುತ್ತಾ ಹೋಗುತ್ತದೆ. ನಾವು ರಿಟೈರ್ ಆಗುವ ವರ್ಷಕ್ಕೆ ಸಾಲ ಮುಗಿಯಬೇಕು ಅನ್ನುವುದೊಂದೇ ನನ್ನ ಲೆಕ್ಕ. ಬೆಲೆ ಡಬಲ್ ಆಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಆಯಿತೆಂದರೆ ಸಂತೋಷ.

ಆದಾಯ ತೆರಿಗೆಯಲ್ಲಿ ಒಂದಷ್ಟು ಉಳಿಯಿತು. ಬಾಡಿಗೆಯಲ್ಲಿ ಪಾಲಿಕೆಯ ಕಂದಾಯ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30 ರಿಪೇರಿ ಅಂತ ಸರ್ಕಾರವೇ ಬಿಡುತ್ತದೆ. ಬಿಲ್ ತೋರಿಸಬೇಕಾಗಿಲ್ಲ. ಆಮೇಲೆ ಸಾಲದ ಬಡ್ಡಿ ಕಳೆದರೆ ಮೊದಲ ವರ್ಷಗಳಲ್ಲಿ ನಷ್ಟವೇ. ಹಳೇ ಪದ್ಧತಿಯಲ್ಲಿ ಆ ನಷ್ಟವನ್ನು 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆಗುವುದಿಲ್ಲ. ಕಂದಾಯ ಮಾತ್ರ ಏಪ್ರಿಲ್‌ನಲ್ಲೇ ಕಟ್ಟಿ, 5 ಪರ್ಸೆಂಟ್ ರಿಯಾಯಿತಿ ಇದೆ.

ಬಾಡಿಗೆದಾರರ ವಿಷಯಕ್ಕೆ ಬರುತ್ತೇನೆ. ಬ್ರೋಕರ್ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: "ವೆಜ್ ಓನ್ಲಿನಾ ಮೇಡಂ? ಯಾವ ಜನ ಆಗಬೇಕು?" ನಮ್ಮ ಬೀದಿಯಲ್ಲಿ ಅರ್ಧ ಮನೆಗಳ ಓನರ್‌ಗಳು ಹೀಗೇ ಕೇಳುತ್ತಾರೆ. ಯಾರಾದರೂ ಪರವಾಗಿಲ್ಲ, ತಿಂಗಳ ಐದನೇ ತಾರೀಖಿಗೆ ಬಾಡಿಗೆ ಬರಬೇಕು ಅಂದೆ. ನ್ಯಾಯ ಅನ್ಯಾಯದ ಮಾತು ಬಿಡಿ, ವ್ಯಾಪಾರದ ದೃಷ್ಟಿಯಲ್ಲೂ ಇದು ಸರಿ. ಹತ್ತು ಕಡೆ ಬೇಡ ಅನ್ನಿಸಿಕೊಂಡು ಬಂದವರು ನಮ್ಮ ಮನೆಯಲ್ಲಿ ನಾಲ್ಕು ವರ್ಷ ಇದ್ದರು. ಮನೆಯನ್ನು ಕನ್ನಡಿ ಹಾಗೆ ಇಟ್ಟುಕೊಂಡಿದ್ದರು. ಆಮೇಲಾಮೇಲೆ ಬ್ರೋಕರ್ ಬೇಕಾಗಲೇ ಇಲ್ಲ. ಇಸ್ತ್ರಿಯವರೇ ಜನ ಕಳಿಸುತ್ತಾರೆ.

ನಾನು ಮಾಡಿದ ದೊಡ್ಡ ತಪ್ಪು ಅಡ್ವಾನ್ಸಿನದ್ದು. ಕೆಳಗಿನವರು 60,000, ಮೇಲಿನವರು 40,000 ಕೊಟ್ಟರು. ಕೈಗೆ ಲಕ್ಷ ರೂಪಾಯಿ ಬಂತಲ್ಲ, ಅಡವಿಟ್ಟ ಬಳೆ ಬಿಡಿಸಿಕೊಂಡೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಮೇಲಿದ್ದ ಇಬ್ಬರು ಹುಡುಗರಿಗೆ ಕೆಲಸ ಹೋಯಿತು, ಊರಿಗೆ ಹೋಗುತ್ತೇವೆ, ಅಡ್ವಾನ್ಸ್ ಕೊಡಿ ಅಂದರು. ಕೊಡಲು ದುಡ್ಡಿಲ್ಲ. ಯಜಮಾನರಿಗೆ ಅರ್ಧ ಸಂಬಳ. ಆ ಹುಡುಗರ ಮುಖ ನೋಡಲಾಗದೆ ಬಳೆ ಮತ್ತೆ ಅಡವಿಗೆ ಹೋಯಿತು. ಅಡ್ವಾನ್ಸ್ ನಮ್ಮ ದುಡ್ಡಲ್ಲ ಅಂತ ಆವತ್ತು ಬುದ್ಧಿಗೆ ಹೋಯಿತು. ಈಗ ಅದಕ್ಕೇ ಬೇರೆ ಎಫ್‌ಡಿ ಇದೆ. ಬಡ್ಡಿ ನಮ್ಮದು, ಅಸಲು ಅವರದ್ದು.

ಮೇಲಿನ ಮನೆ ಏಳು ತಿಂಗಳು ಖಾಲಿ ಬಿತ್ತು. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಮೂರು ತಿಂಗಳು ಮುಂದೂಡಿದೆವು. ಬಡ್ಡಿ ನಿಲ್ಲಲಿಲ್ಲ, ಅಸಲಿಗೆ ಸೇರಿಕೊಂಡಿತು. ಅದೇ ವರ್ಷ ಬಡ್ಡಿ ಇಳಿಯಿತು ಅಂತ ಪೇಪರಿನಲ್ಲಿ ಬರುತ್ತಿತ್ತು, ನಮ್ಮ ಸಾಲದಲ್ಲಿ ಇಳಿಯಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ, ನಿಮ್ಮದು ಹಳೇ ಪದ್ಧತಿಯ ಸಾಲ, ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಬದಲಾಯಿಸಿಕೊಳ್ಳಬೇಕು ಅಂದರು. ಸಣ್ಣ ಶುಲ್ಕ ಕಟ್ಟಿದ ಮೇಲೆ ಬಡ್ಡಿ 7ರ ಹತ್ತಿರ ಬಂತು. ಕಂತು ಕಡಿಮೆ ಮಾಡಬೇಡಿ, ತಿಂಗಳು ಕಡಿಮೆ ಮಾಡಿ ಅಂದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. 2022ರ ಮೇನಿಂದ ರೆಪೊ ಮತ್ತೆ 4ರಿಂದ 6.5ಕ್ಕೆ ಹತ್ತಿದಾಗ ಬ್ಯಾಂಕಿನವರು ಕೇಳದೇ ತಿಂಗಳು ಜಾಸ್ತಿ ಮಾಡಿದ್ದರು, ಅದು ಬೇರೆ ಮಾತು. ವರ್ಷಕ್ಕೊಂದು ಸಲ ಸಾಲದ ಸ್ಟೇಟ್‌ಮೆಂಟ್ ತೆಗೆದು ಇನ್ನೆಷ್ಟು ತಿಂಗಳು ಅಂತ ನೋಡುವುದು ಈಗ ನಮ್ಮ ಮನೆಯಲ್ಲಿ ಯುಗಾದಿಯ ಕೆಲಸ.

2021ರಲ್ಲಿ ಕೆಳಗಿನ ಮನೆಗೆ ಒಬ್ಬರು ಬಂದು ಭೋಗ್ಯಕ್ಕೆ ಕೊಡಿ ಅಂದರು. ಏಳು ಲಕ್ಷ ಒಟ್ಟಿಗೆ ಕೊಡುತ್ತಾರೆ, ಮೂರು ವರ್ಷ ಬಾಡಿಗೆ ಇಲ್ಲ, ಖಾಲಿ ಮಾಡುವಾಗ ಏಳು ಲಕ್ಷ ವಾಪಸ್. ಆ ಬರಗಾಲದಲ್ಲಿ ಏಳು ಲಕ್ಷ ಅಂದರೆ ಬಾಯಲ್ಲಿ ನೀರು ಬಂತು. ಲ್ಯಾಬಿನಲ್ಲಿ ಮಧ್ಯಾಹ್ನ ಡಬ್ಬಿ ತೆರೆಯುವಾಗ ರಿಪೋರ್ಟ್ ಕಾಗದದ ಹಿಂದೆ ಲೆಕ್ಕ ಹಾಕಿದೆ. ಆಗ ಬಾಡಿಗೆ 10,000. ವರ್ಷಕ್ಕೆ 1,20,000 ಬಿಟ್ಟುಕೊಡುತ್ತೇನೆ. ಏಳು ಲಕ್ಷಕ್ಕೆ ಅದು ನೂರಕ್ಕೆ 17 ರೂಪಾಯಿ ಬಡ್ಡಿ ಬಿದ್ದ ಹಾಗೆ! ನನ್ನ ಬ್ಯಾಂಕ್ ಸಾಲವೇ 7ಕ್ಕೆ ಇರುವಾಗ 17ಕ್ಕೆ ಯಾಕೆ ಸಾಲ ಮಾಡಲಿ? ಭೋಗ್ಯ ಇರುವವರಿಗೆ ಲಾಭ, ಕೊಡುವವರಿಗೆ ಅಲ್ಲ. ಕಷ್ಟದಲ್ಲಿರುವ ಓನರ್‌ಗಳು ಮಾತ್ರ ಕೊಡುತ್ತಾರೆ. ಹಾಗಾಗಿಯೇ ವಾಪಸ್ ಕೊಡುವಾಗ ಜಗಳವಾಗುವುದು.

2023ರ ಜುಲೈನಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆ ನೋಡಲು ಬರುವವರ ಪ್ರಶ್ನೆಯೇ ಬದಲಾಯಿತು. ಬಾಡಿಗೆ ಎಷ್ಟು ಅನ್ನುವುದಕ್ಕೆ ಮುಂಚೆ "ಮೀಟರ್ ಬೇರೆ ಇದೆಯಾ ಆಂಟಿ?" ನಮ್ಮ ಮೇಲಿನ ಮನೆಗೆ ಇದ್ದದ್ದು ಸಬ್ ಮೀಟರ್. ಎರಡು ಸಂಸಾರ ಒಂದೇ ಮೀಟರಿನಲ್ಲಿ ಇದ್ದರೆ 200 ಯೂನಿಟ್ ದಾಟಿಬಿಡುತ್ತದೆ, ದಾಟಿದರೆ ಪೂರ್ತಿ ಬಿಲ್. ಕೆಇಬಿಗೆ ಅರ್ಜಿ ಕೊಟ್ಟು ಬೇರೆ ಮೀಟರ್ ಹಾಕಿಸಿದೆ. (ಹೆಸರು ಸೆಸ್ಕ್ ಆಗಿ ಎಷ್ಟೋ ವರ್ಷವಾಯಿತು. ಮೈಸೂರಿನಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ.) ಮೀಟರ್ ಆದ ಮೇಲೆ ಮೇಲಿನ ಬಾಡಿಗೆ 1,000 ಏರಿಸಿದೆ, ಯಾರೂ ಚೌಕಾಸಿ ಮಾಡಲಿಲ್ಲ. ನಾನು ಹಾಕಿದ ಟೈಲ್ಸ್, ಬಣ್ಣ ಯಾವುದೂ ಅಷ್ಟು ಬೇಗ ದುಡ್ಡು ವಾಪಸ್ ತಂದುಕೊಟ್ಟಿಲ್ಲ.

ಈಗ ಕೆಳಗೆ 13,500, ಮೇಲೆ 9,000. ಒಟ್ಟು 22,500. ಕಂತು ಅದೇ 26,500. ತಿಂಗಳಿಗೆ ಕೈಯಿಂದ ಹಾಕುವುದು 4,000 ಮಾತ್ರ. ಕಳೆದ ವರ್ಷ ಕೊಡಗಿಗೆ ಹೋಗಿ ಬಂದೆವು. ಆದರೆ ಓನರ್ ಅನ್ನುವುದು ಕೂತು ತಿನ್ನುವ ಕೆಲಸ ಅಂತ ಅಂದುಕೊಂಡಿದ್ದು ಸುಳ್ಳಾಯಿತು. ಸಂಪು ತೊಳೆಸಬೇಕು, ಮೋಟಾರು ಸುಟ್ಟರೆ ಓಡಬೇಕು, ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್ ಬರೆಸಬೇಕು. ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂದರೆ ಅದು ಟ್ಯಾಂಕಿನ ವಿಷಯವೇ.

ಇ-ಖಾತೆ, ಅಂದರೆ ಆಸ್ತಿ ಖಾತೆಯ ಡಿಜಿಟಲ್ ದಾಖಲೆ, ಮಾಡಿಸಿದ್ದು ಹೋದ ವರ್ಷ. 2024ರ ಅಕ್ಟೋಬರ್‌ನಿಂದ ಪಟ್ಟಣಗಳಲ್ಲಿ ಅದಿಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಮಾರುವ ಯೋಚನೆ ಇಲ್ಲದಿದ್ದರೂ ಮಾಡಿಸಿಟ್ಟೆ. ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು, ಅದನ್ನು ಸರಿ ಮಾಡಿಸಲು ಮೂರು ಸಲ ಅಲೆದೆ. ಅವಸರದಲ್ಲಿ ಮಾರಬೇಕಾಗಿ ಬಂದು ಆಗ ಈ ತಪ್ಪು ಕಂಡಿದ್ದರೆ?

ಈ ಆಷಾಢಕ್ಕೆ ಇನ್ನೊಂದು ಮನೆ ನೋಡುತ್ತಿದ್ದೇವೆ. ಅದೂ 20-30. ಬಾಗಿಲು ಪೂರ್ವಕ್ಕೆ, ಅತ್ತೆಗೆ ಖುಷಿ. ಬ್ರೋಕರ್ ಬಾಡಿಗೆ ಎಷ್ಟು ಬರುತ್ತದೆ ಅಂತ ಹೇಳಲು ಶುರು ಮಾಡಿದ. ಅವನನ್ನು ಅಲ್ಲೇ ನಿಲ್ಲಿಸಿ, ಮಾರುವವರಿಗೆ ಅಕ್ಕತಂಗಿಯರು ಎಷ್ಟು ಜನ ಅಂತ ಕೇಳಿದೆ. ಮೂವರಂತೆ. ಇಬ್ಬರು ಇಲ್ಲೇ ಇದ್ದಾರೆ, ಒಬ್ಬರು ಶಿವಮೊಗ್ಗದಲ್ಲಿ. ಮುಂದಿನ ಭಾನುವಾರ ಅವರು ಬರುತ್ತಾರೆ. ಕಾಫಿಗೆ ಕರೆದಿದ್ದೇನೆ.